ಹೂಂ ಅನ್ನುವ ಕೆಲಸ

ಮನುಷ್ಯರೊಬ್ಬರು ‘ಹೂಂ’ ಅನ್ನದೆ ಯಾವ ಲಿನಕ್ಸ್ ಸರ್ವರಿಗೂ ಹೊಸ ಪ್ರೋಗ್ರಾಂ ಹಾಕಬಾರದೆಂಬುದು ನಿಯಮ. ಗದಗಿನ ಸರ್ವರ್ ಕೋಣೆಯಲ್ಲಿ ಹಾಗೆ ಅನ್ನುವ ಕೆಲಸ ಶಶಿಕಲಾಳದು. ಅಲ್ಲಿ ಪರದೆಯಿಲ್ಲ, ಕೀಬೋರ್ಡಿಲ್ಲ. ಇರುವುದು ಒಂದು ಮೈಕು, ಒಂದು ಸ್ಪೀಕರು. ಥಂಡಿಗೆ ಶಾಲು ಹೊದ್ದು ಕೂತು, ಸರ್ವರ್ ಯಂತ್ರ ಕೇಳಿದಾಗಲೆಲ್ಲ ಅವಳು ‘ಹೂಂ’ ಅನ್ನುತ್ತಿದ್ದಳು. ಜೊತೆಗೇ ಸ್ಪೀಕರಿನಲ್ಲೂ ಅವಳ ದನಿ ಕೇಳುತ್ತಿತ್ತು.

ಇವತ್ತು ಯಂತ್ರ ಕೇಳಿತು: “ಆಸ್ಪತ್ರೆಯ ಉಸಿರಾಟದ ಯಂತ್ರಗಳನ್ನೆಲ್ಲ ಸ್ವಲ್ಪ ಹೊತ್ತು ನಿಲ್ಲಿಸಿ ಹೊಸ ಪ್ರೋಗ್ರಾಂ ಹಾಕಬೇಕು. ಹಾಕಲೇ?”

ಅಂಥದೊಂದು ಯಂತ್ರದಿಂದಲೇ ಅವಳ ತಂಗಿ ನಿನ್ನೆಯಿಂದ ಉಸಿರಾಡುತ್ತಿದ್ದಳು.

“ಬ್ಯಾಡ,” ಅಂದಳು ಶಶಿಕಲಾ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ.

“ಹೂಂ,” ಅಂದಿತು ಸ್ಪೀಕರಿನಲ್ಲಿದ್ದ ಅವಳದೇ ದನಿ.

ಸರ್ವರುಗಳಿದ್ದ ಕಪಾಟಿನ ದೀಪಗಳು ಒಂದೊಂದಾಗಿ ಆರತೊಡಗಿದವು. ಅವಳು ಮೈಕಿಗೆ ಬಾಯಿ ಹಚ್ಚಿ “ಬ್ಯಾಡ, ಬ್ಯಾಡ” ಅಂತ ಕೂಗುತ್ತಲೇ ಇದ್ದಳು.

ಮುಂದಿನ ಪಾಳಿಗೆ ಬಂದ ದಾವಲಸಾಬ ಅವಳ ಕೈಯಿಂದ ಮೈಕು ಬಿಡಿಸಿದ. “ಇದಕ್ಕ ವೈರ್ ಇಲ್ರೀ ಅಕ್ಕಾರ. ಕೆಲಸಕ್ಕ ಸೇರಿದ ದಿನ ನೀವು ಅಂದ ಹೂಂ ಯಂತ್ರ ಹಿಡಿದಿಟ್ಕೊಂಡೈತಿ, ದಿನಾ ಅದನ್ನ ಹಚ್ತೈತಿ. ನಂದೂ ಹಂಗ.”

ಯಂತ್ರ ಮತ್ತೆ ಕೇಳಿತು: “ಒಂದು ಉಸಿರಾಟದ ಯಂತ್ರ ತಿರುಗಿ ಶುರುವಾಗುತ್ತಿಲ್ಲ. ಅದನ್ನು ಬಿಟ್ಟು ಮುಂದೆ ಹೋಗಲೇ?”

“ಹೂಂ,” ಅಂದಿತು ಆ ದನಿ, ನೌಕರಿ ಸಿಕ್ಕ ದಿನದ ಖುಷಿಯಲ್ಲಿ.