ಹಲ್ಲಿನ ಸಂದಿ

"ಬಸ್ಸಿನ ಬಾಗಿಲು ತೆಗೆದ ಹಾಗೆ ಬಾಯಿ ತೆಗಿಯೋ ಅಂದ್ರೆ, ಪಿಳಿಪಿಳಿ ಕಣ್ಣು ಬಿಡ್ತೀಯಲ್ಲೋ!" ಎಂದು ಗದರುತ್ತ ಅಮ್ಮ, ಮಗನ ಅಂಗುಳಿಗೆ ಕೂರಿಸಿದ್ದ ತಿರುಪಿಗೆ ಸಣ್ಣ ಕೀಲಿ ಸಿಕ್ಕಿಸಿ ಹಿಂದಕ್ಕೆ ತಳ್ಳಿದಳು. ಅಂಗುಳನ್ನು ದಿನವೂ ಕೂದಲೆಳೆಯಷ್ಟು ಅಗಲಿಸಿದರೆ ನಿದ್ದೆಯಲ್ಲಿ ಉಸಿರು ಕಟ್ಟುವುದು ಕಡಿಮೆಯಾದೀತು ಎಂದು ದಂತವೈದ್ಯೆ ಹೇಳಿದ್ದರು. ಬಸ್ ಡ್ರೈವರ್ ಆಗಿದ್ದ, ಮೀಸೆ ನರೆತ ಮಗ, ಕೀಲಿ ಹೊರಬಂದದ್ದೇ ತಡ, ಗೊಳ್ಳೆಂದು ನಕ್ಕುಬಿಟ್ಟ.

ಅಮ್ಮನ ಕೈ ಅಲ್ಲೇ ನಿಂತಿತು. ಅವನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟಿತ್ತು. ಅವಳು ಮೆಲ್ಲನೆ ಅದರ ಮೇಲೆ ಬೆರಳಿಟ್ಟಳು.

ಹುಟ್ಟಿನಿಂದ ಅಂಥ ಸಂದಿ ಇದ್ದದ್ದು ಅವನ ತಮ್ಮನಿಗೆ. ತಮ್ಮನ ಗೊರಕೆಯನ್ನು ಮನೆಮಂದಿಯೆಲ್ಲ ಆಡಿಕೊಂಡು ನಗುತ್ತಿದ್ದರು. ಹೋದ ವರ್ಷ ಒಂದು ಮಧ್ಯಾಹ್ನ ಮಲಗಿದವನು ಮತ್ತೆ ಏಳಲಿಲ್ಲ. ಆಮೇಲೆಯೇ ಅಮ್ಮ ಹಟ ಹಿಡಿದು ದೊಡ್ಡವನನ್ನು ಆಸ್ಪತ್ರೆಗೆ ಎಳೆದೊಯ್ದದ್ದು.

ಅವನು ಅವಳ ಬೆರಳನ್ನು ಸರಿಸಿ, "ಹೆದರ್ಬೇಡಮ್ಮ, ಅಂಗುಳು ಅಗಲ ಆಗ್ತಿರೋದಕ್ಕೆ ಇದೇ ಗುರುತಂತೆ. ಆಮೇಲೆ ತಂತಿ ಹಾಕಿ ಮುಚ್ಚಿಬಿಡ್ತಾರೆ" ಎಂದ.

"ಮುಚ್ಚಲೇಬೇಕೇನೋ?" ಎಂದ ಅಮ್ಮ ಉತ್ತರಕ್ಕೂ ಕಾಯಲಿಲ್ಲ. "ಇನ್ನೊಂದ್ಸಲ ನಗೋ, ಮಗಾ."

ಅವನು ನಕ್ಕ. ಹೇಗೆ ನಕ್ಕನೋ ಅವನಿಗೇ ಗೊತ್ತು.