ಬ್ರಸೆಲ್ಸ್, ಮೂರನೇ ಮಹಡಿ

“ಹನ್ನೆರಡು ದಿನ, ಏಳು ಊರು!” ಎಂದು ಕನ್ನಡಕದಂಗಡಿಯವನು ಊಟದ ಮೇಜಿನ ಮೇಲೆ ಹರಡಿದ್ದ ನಕ್ಷೆಗೆ ಅಂಗೈ ಬಡಿದ. ಅವನ ಬೆರಳು ಪ್ಯಾರಿಸ್‌ನಿಂದ ಹೊರಟು ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಮುಟ್ಟಿ, ಸ್ವಿಟ್ಜರ್ಲೆಂಡಿನ ಬೆಟ್ಟಗಳನ್ನು ಒಂದೇ ಉಸಿರಿಗೆ ದಾಟಿ, ವೆನಿಸ್, ಫ್ಲಾರೆನ್ಸ್ ಹಾದು ರೋಮ್‌ನಲ್ಲಿ ನಿಂತಿತು. ಆ ಮನೆಯಲ್ಲಿ ಇದುವರೆಗೆ ವಿಮಾನ ಹತ್ತಿದವರು ಒಬ್ಬರೂ ಇಲ್ಲ. ಮಗಳಂತೂ ಕುರ್ಚಿಯ ಮೇಲೆ ಹತ್ತಿ ನಿಂತು ಯೂರೋಪನ್ನು ನೋಡುತ್ತಿದ್ದಳು. ಅವಳ ಅಜ್ಜಿ ಮಾತ್ರ ಮಂಡಿ ಸವರಿಕೊಳ್ಳುತ್ತ, “ನೀವು ಹೋಗಿ ಬನ್ರಪ್ಪ. ನಿಮ್ಮ ಓಟಕ್ಕೆ ನನ್ನ ಮಂಡಿ ಅಡ್ಡಗಾಲು ಹಾಕೋದು ಬೇಡ” ಎಂದರು.

ಅವನ ಹೆಂಡತಿ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವಳು. ಅತ್ತೆಯ ಮುಖ ನೋಡಿದಳು, ನಕ್ಷೆ ನೋಡಿದಳು. “ರೀ, ಪ್ರಾಕ್ಟೀಸ್ ಇಲ್ದೆ ನಾನು ಯಾವ ಟೀಮನ್ನೂ ಮೈದಾನಕ್ಕೆ ಬಿಡಲ್ಲ. ನಾಳೆ ಹೇಗೂ ರಜ. ಬೆಳಗ್ಗೆ ಪ್ಯಾರಿಸ್ ಬಿಟ್ಟು, ಮಧ್ಯಾಹ್ನ ಬ್ರಸೆಲ್ಸ್ ನೋಡಿ, ರಾತ್ರಿಗೆ ಆಮ್‌ಸ್ಟರ್‌ಡ್ಯಾಮ್ ಅಂದ್ರಲ್ಲ, ಆ ಒಂದು ದಿನಾನ ಇಲ್ಲೇ ಮಾಡಿ ನೋಡೋಣ. ಅತ್ತೆ, ನೀವೂ ಬನ್ನಿ. ಇದಕ್ಕೆ ವೀಸಾ ಬೇಡ.”

ಮರುದಿನ ಸ್ವಂತ ಮನೆ ಪ್ಯಾರಿಸ್ ಆಯಿತು. ಊರಿನ ಇನ್ನೊಂದು ತುದಿಯಲ್ಲಿದ್ದ ಅವನ ತಂಗಿಯ ಮನೆ ಬ್ರಸೆಲ್ಸ್. ಕಾಲುವೆಯಾಚೆಯ ಗೆಳೆಯನ ಮನೆ ಆಮ್‌ಸ್ಟರ್‌ಡ್ಯಾಮ್. ಸ್ವೆಟರು, ಬೂಟು, ಹಲ್ಲುಜ್ಜುವ ಬ್ರಷ್ಷು ಎಲ್ಲ ನಿಜವಾಗಿಯೇ ಸೂಟ್‌ಕೇಸು ಸೇರಿದವು. ಬಸ್ಸು ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಮನೆಯ ಕಡೆ ತಿರುಗಿ ಓಡಿದ. “ಪಾಸ್‌ಪೋರ್ಟ್ ಮರ್ತೆ! ಪಾಸ್‌ಪೋರ್ಟ್ ಇಲ್ದೆ ದೇಶ ದಾಟೋಕಾಗುತ್ತಾ?” ಆ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ಬ್ರೇಕು ಬಿದ್ದಾಗಲೆಲ್ಲ ಅವರ ದೊಡ್ಡ ಸೂಟ್‌ಕೇಸು ಜಾರಿಹೋಗಿ ಅಪರಿಚಿತರೊಬ್ಬರ ಮೊಣಕಾಲಿಗೆ ಗುದ್ದುತ್ತಿತ್ತು. ಮಗಳು ಒಂದೊಂದು ನಿಲ್ದಾಣಕ್ಕೂ ಫ್ರೆಂಚ್ ಹೆಸರಿಟ್ಟು ಕೂಗುತ್ತಿದ್ದಳು. ಗುದ್ದಿಸಿಕೊಂಡವರೂ ನಗತೊಡಗಿದರು.

ಬ್ರಸೆಲ್ಸ್‌ನ ಲಿಫ್ಟು ಕೆಟ್ಟಿತ್ತು. ಎರಡು ಕೈಗೆ ಎರಡು ಸೂಟ್‌ಕೇಸು ಹಿಡಿದು ಮೂರನೇ ಮಹಡಿಗೆ ಹೊರಟವನು ಎರಡನೆಯದರಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದ ಅಜ್ಜಿ ಅವನನ್ನು ದಾಟಿ ಹೋಗುತ್ತ, “ಏನೋ, ಗಡಿಯಲ್ಲಿ ತಡೆದ್ರಾ?” ಎಂದರು.

ಬಾಗಿಲು ತೆರೆದ ತಂಗಿಯ ಕೈಯಲ್ಲಿ ಸೋಪಿನ ನೊರೆ ಇನ್ನೂ ಇತ್ತು. ಸಾಮಾನು ನೋಡಿ ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ, ಏನಾಯ್ತಣ್ಣ? ಮನೆ ಬಿಟ್ಟು ಬಂದ್ರಾ?”

“ಇಲ್ಲ ಕಣೇ. ಇದು ಬ್ರಸೆಲ್ಸ್.”

ವಿಷಯ ತಿಳಿದ ಮೇಲೆ ಅವಳಿಗೆ ನಗು ತಡೆಯಲಾಗಲಿಲ್ಲ. ಅವಳು ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಬರ್ತೀನಿ, ಬರ್ತೀನಿ ಎನ್ನುತ್ತಲೇ ಇದ್ದ ಅಣ್ಣ ಒಳಗೆ ಕಾಲಿಟ್ಟದ್ದು ಇದೇ ಮೊದಲು. ಚಹಾಕ್ಕೆ ನೀರಿಟ್ಟು, “ಬಾ ಅಣ್ಣ, ಬಾಲ್ಕನಿ ತೋರಿಸ್ತೀನಿ. ನಾನೇ ಬಣ್ಣ ಹೊಡ್ದಿದ್ದು” ಎಂದು ಕೈ ಹಿಡಿದು ಎಳೆದಳು. ಅವನು ಗಡಿಯಾರ ನೋಡಿಕೊಂಡ. “ಕೂರೋಕೆ ಹೊತ್ತಿಲ್ಲ ಕಣೇ. ಬಾಲ್ಕನಿ ಮುಂದೆ ಒಂದು ಫೋಟೋ ತೆಗ್ದು ಹೊರಟುಬಿಡ್ತೀವಿ. ಆಮ್‌ಸ್ಟರ್‌ಡ್ಯಾಮ್ ಬಸ್ಸು ತಪ್ಪುತ್ತೆ.”

ಅಜ್ಜಿ ಆಗಲೇ ತಮ್ಮ ಮಗಳ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದರು. “ನೀವು ಹೋಗಿ ಬನ್ನಿ. ನಾನು ಬ್ರಸೆಲ್ಸ್‌ನಲ್ಲೇ ಇರ್ತೀನಿ.”

“ಅಮ್ಮಾ, ಮಂಡಿ ನೋಯ್ತಿದ್ಯಾ?”

“ಮಂಡಿ ಅಲ್ವೋ. ಹತ್ತಿ ಬಂದೆ ತಾನೇ? ಬಂದ ತಕ್ಷಣ ಏಳು ಅಂತೀಯಲ್ಲ, ಅದು ನೋಯುತ್ತೆ. ಒಂದೂರಲ್ಲಿ ಎರಡನೇ ಬೆಳಗಾಗ್ಬೇಕು ಕಣೋ. ಮೊದಲನೇ ಬೆಳಗ್ಗೆ ಬಚ್ಚಲುಮನೆ ಲೈಟಿನ ಸ್ವಿಚ್ಚೇ ಸಿಕ್ಕಲ್ಲ.”

ಹೆಂಡತಿ ಬೂಟು ಬಿಚ್ಚಿದಳು. ಅವನು ಬಾಗಿಲಲ್ಲೇ ಸೂಟ್‌ಕೇಸಿನ ಹಿಡಿ ಬಿಟ್ಟ. ಆಮೇಲೆ ಒಳಗೆ ಬಂದು, ತಂಗಿ ಬಣ್ಣ ಬಳಿದ ಬಾಲ್ಕನಿಯ ನೆಲದ ಮೇಲೆ ನಕ್ಷೆ ಹರಡಿ, ಊರುಗಳನ್ನು ಒಂದೊಂದಾಗಿ ಹೊಡೆದುಹಾಕತೊಡಗಿದ. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ಬೇಗ ಹೋದವು. ಫ್ಲಾರೆನ್ಸ್ ತೆಗೆಯುವಾಗ ಹಲ್ಲು ಕೀಳಿಸಿಕೊಳ್ಳುವವನ ಹಾಗೆ ನರಳಿದ. “ನೀರಿನ ಬೀದಿ ಬಿಟ್ರೆ ನಾನು ಬರೋದೇ ಇಲ್ಲ!” ಎಂದು ಮಗಳು ವೆನಿಸ್ ಮೇಲೆ ಎರಡೂ ಕೈ ಊರಿ ಕೂತಳು. ಉಳಿದದ್ದು ರೋಮ್. ಶಾಲೆಯ ಪುಸ್ತಕದಲ್ಲಿ ಅದರ ಚಿತ್ರ ನೋಡಿದ ದಿನದಿಂದ ಅವನ ಮನಸ್ಸಿನಲ್ಲಿದ್ದ ಊರು. ಅದರ ಮೇಲೆ ಯಾರೂ ಕೈಯಿಡಲಿಲ್ಲ. ಕೊನೆಗೆ ಅವನೇ ಪೆನ್ಸಿಲಿನಿಂದ ಗೀರಿದ. “ಇಷ್ಟು ವರ್ಷ ನಿಂತಿದೆ. ಇನ್ನೊಂದು ಸಲ ಹೋಗೋವರೆಗೂ ಎಲ್ಲಿಗೂ ಓಡಿಹೋಗಲ್ಲ ಬಿಡಿ.”

“ಹಾಗಾದ್ರೆ ಪ್ಯಾರಿಸ್‌ನಲ್ಲಿ ಇಳಿಯೋಣ, ವೆನಿಸ್‌ನಿಂದಲೇ ವಾಪಸ್ ವಿಮಾನ ಹತ್ತೋಣ” ಎಂದಳು ಹೆಂಡತಿ. “ನಡುವೆ ಸ್ವಿಟ್ಜರ್ಲೆಂಡಿನ ಬೆಟ್ಟದ ತಪ್ಪಲಲ್ಲಿ ಸರೋವರದ ಪಕ್ಕ ಒಂದು ಮನೆ ಹಿಡಿಯೋಣ. ಒಂದೊಂದು ಕಡೆ ನಾಲ್ಕು ದಿನ. ಊರಿಂದೂರಿಗೆ ಹಗಲು ರೈಲು. ಏನಂತೀರಾ ಅತ್ತೆ?”

ಅಜ್ಜಿ ಚಹಾದ ಲೋಟ ಕೆಳಗಿಟ್ಟರು. “ರೈಲಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಡೋದಾದ್ರೆ ಬರ್ತೀನಿ.”

ಮೊಮ್ಮಗಳು ಕಿರುಚಿದ ರಭಸಕ್ಕೆ ಕೆಳಮನೆಯ ನಾಯಿ ಬೊಗಳಿತು. ತಂಗಿ ಯಾರ ಮಾತಿಗೂ ಕಾಯದೆ ಸೂಟ್‌ಕೇಸು ತೆರೆದು, ರಾತ್ರಿಯ ಬಟ್ಟೆಗಳನ್ನು ಹೊರಗೆ ತೆಗೆಯುತ್ತಿದ್ದಳು. ಗಲಾಟೆ ಕೇಳಿ ಎದುರು ಬಾಲ್ಕನಿಯ ಹೆಂಗಸು ಇಣುಕಿ ನೋಡಿದಳು.

“ಯಾರು ಬಂದಿದ್ದಾರ್ರೀ, ಇಷ್ಟೊಂದು ಸಾಮಾನು?”

“ನಮ್ಮಣ್ಣನ ಮನೆಯವರು” ಎಂದಳು ತಂಗಿ, ಅಣ್ಣನ ಸ್ವೆಟರನ್ನು ಎದೆಗೊತ್ತಿಕೊಂಡು. “ಯೂರೋಪಿಗೆ ಹೊರಟಿದ್ರು. ದಾರೀಲಿ ನಮ್ಮನೆ ಸಿಕ್ತು.”