ಕಂಬದ ಮೇಲಿನ ಕೋತಿ

"ಒಡಿ!" ಎಂದರು ತನಿಖೆಗೆ ಬಂದಿದ್ದ ಗುರು ಎಮೆರಿಕ್.

ಶಿಲ್ಪಿ ಗೋಶೆ ಏಣಿಯ ತುದಿಯಲ್ಲಿ ಸುತ್ತಿಗೆ ಎತ್ತಿ ನಿಂತಿದ್ದ. ಎದುರಿಗೆ, ಕಂಬದ ತಲೆಯ ಮೇಲೆ, ಅವನೇ ಕೆತ್ತಿದ್ದ ತಂತಿ ಮೀಟುವ ಕತ್ತೆ, ಮೀನಿನ ಬೆನ್ನೇರಿದ ಮೊಲ, ಅವೆರಡಕ್ಕೂ ಉಪದೇಶ ಮಾಡುತ್ತಿರುವ ಕೋತಿ. ಎರಡು ವರ್ಷಗಳ ದುಡಿಮೆ. ಆದರೆ ಬರ್ಗಂಡಿ ಸೀಮೆಯ ಕ್ರೈಸ್ತ ಮಠಗಳಿಗೆ ಹೊಸ ಕಟ್ಟಳೆ ಬಂದಿತ್ತು: ಚರ್ಚಿನಲ್ಲಿ ಚಿತ್ತಾರ ಕೂಡದು, ಬಣ್ಣದ ಗಾಜು ಕೂಡದು, ಕಲ್ಲು ಬರೀ ಕಲ್ಲಾಗಿರಬೇಕು.

"ಒಂದ್ಸಲ ಹತ್ತಿರದಿಂದ ನೋಡ್ಬಿಡಿ ಗುರುಗಳೇ, ಆಮೇಲೆ ಒಡೀತೀನಿ," ಎಂದ ಗೋಶೆ.

"ನೋಡೋಕೇನಿದೆ? ಇದನ್ನ ನೋಡ್ತಾನೇ ಸಂನ್ಯಾಸಿಗಳು ಪ್ರಾರ್ಥನೆ ಮರೀತಾರೆ. ಆದ್ರೂ ವರದಿ ಬರೀಬೇಕಲ್ಲ. ಇಳಿ ಕೆಳಗೆ!"

ಗುರುಗಳು ನಿಲುವಂಗಿಯನ್ನು ಮೊಣಕಾಲಿಗೆತ್ತಿ ಏಣಿ ಹತ್ತಿದರು.

"ಈ ಕತ್ತೆ ಯಾಕೆ ಅಳ್ತಿದೆ?"

"ತನ್ನ ಹಾಡು ತಾನೇ ಕೇಳಿಸ್ಕೊಂಡು."

ಮೇಲಿನಿಂದ ನಗುವಿನಂಥ ಸದ್ದೊಂದು ಹೊರಟು, ಅರ್ಧದಲ್ಲೇ ಕೆಮ್ಮಾಯಿತು. "ಧೂಳು," ಎಂದರು ಗುರುಗಳು. "ಮೊಲದ ಕೈಯಲ್ಲೇನು?"

"ಮೀನಿನ ಕಡಿವಾಣ."

"ಮೀನಿಗೆ ಕಡಿವಾಣವಾ? ಅಯೋಗ್ಯ!" ಎಂದು ಬೈದವರು ಇನ್ನೊಂದು ಮೆಟ್ಟಿಲು ಹತ್ತಿದರು.

ಮಧ್ಯಾಹ್ನದ ಗಂಟೆ ಮೊಳಗಿತು. ಸಂನ್ಯಾಸಿಗಳು ಬಂದರು, ಹಾಡಿದರು, ಹೋದರು. ಮಠಾಧಿಪತಿ ರೆನೊ ಏಣಿಯ ಬುಡಕ್ಕೆ ಬಂದು ನಿಂತರು. "ಎಮೆರಿಕ್, ಪ್ರಾರ್ಥನೆ ಮುಗೀತು."

"ಶುರುವಾದಾಗ ಕರೀರಿ," ಎಂದಿತು ಮೇಲಿನ ಧ್ವನಿ.

ರೆನೊ ಅವರ ಮುಖ ಕಪ್ಪಿಟ್ಟಿತು. "ನೋಡಿದ್ಯಾ ಗೋಶೆ? ಇಂಥವರನ್ನೇ ಮರುಳು ಮಾಡ್ತು ಅಂದ್ಮೇಲೆ ನಮ್ಮ ಪಾಡೇನು? ಅವರಿಳಿದ ಕೂಡ್ಲೇ ಹತ್ತು. ಒಂದೇ ಏಟು, ಚೂರೂ ಉಳೀಬಾರ್ದು."

ಗೋಶೆ ಸುತ್ತಿಗೆ ಕೈಗೆತ್ತಿಕೊಂಡ. ಅದು ಇಷ್ಟು ಭಾರವೆಂದು ಅವನಿಗೆ ಎಂದೂ ಅನಿಸಿರಲಿಲ್ಲ.

"ತಡೀರಿ!" ಗುರುಗಳ ತಲೆ ಕಂಬದ ಆಚೆ ಬದಿಯಿಂದ ಇಣುಕಿತು. "ಈ ಕೋತಿ ಬಾಲ ಎಲ್ಲಪ್ಪಾ ಮುಗಿಯುತ್ತೆ?"

"ಮುಗಿದಿಲ್ಲ ಗುರುಗಳೇ. ಅಷ್ಟರಲ್ಲಿ ಕಟ್ಟಳೆ ಬಂತು."

ಗುರುಗಳು ಗಂಭೀರವಾಗಿ ಇಳಿದು ಬಂದರು. ಮೂಗಿನ ತುದಿಯಲ್ಲಿ ಕಲ್ಲಿನ ಪುಡಿ. "ಅರ್ಧ ಪಾಪಕ್ಕೆ ಪೂರ್ತಿ ಶಿಕ್ಷೆ ಕೊಡೋಕೆ ನಮ್ಮಲ್ಲಿ ಅವಕಾಶ ಇಲ್ಲ. ಮೊದ್ಲು ಬಾಲ ಮುಗಿಸು. ಮುಗಿದ ದಿನ ನಾನೇ ಬಂದು ಒಡೆಸ್ತೀನಿ. ಮಧ್ಯೆ ಮಧ್ಯೆ ಬಂದು ನೋಡ್ತಿರ್ತೀನಿ, ಎಲ್ಲಿವರೆಗೆ ಬಂತು ಅಂತ."

ಗೋಶೆ ಸುತ್ತಿಗೆ ಇಳಿಸಿ, ಕಂಬವನ್ನು ತುದಿಯಿಂದ ಬುಡದವರೆಗೆ ಕಣ್ಣಲ್ಲೇ ಅಳೆದ. ಮೂರಾಳೆತ್ತರ, ಸುತ್ತಿ ಸುತ್ತಿ ಇಳಿದರೆ ಬಾಲಕ್ಕೆ ಬೇಕಾದಷ್ಟು ಜಾಗವಿತ್ತು. ಆಮೇಲೆ ಅವನು ನಿಧಾನವಾಗಿ ಪಕ್ಕದ ಕಂಬದತ್ತ ತಿರುಗಿದ.